ಸಿಯೋಲ್‌ನ ಓಣಿ, ರಾವಂದೂರಿನ ಆಂಟೆನಾ

1988ರ ಅಕ್ಟೋಬರ್ 2, ಭಾನುವಾರ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದ ಮೊದಲ ಕಂತು ದೂರದರ್ಶನದಲ್ಲಿ ಬಂದದ್ದು ಆ ದಿನ. ಸಿಯೋಲ್ ಒಲಿಂಪಿಕ್ಸ್‌ಗೆ ತೆರೆ ಬಿದ್ದದ್ದೂ ಅದೇ ದಿನ. ಇವೆರಡನ್ನೂ ಜೊತೆಯಲ್ಲಿ ನೆನೆಸಿಕೊಳ್ಳುವವರು ಹೆಚ್ಚಿರಲಾರರು. ನನಗೆ ನೆನಪಿದೆ, ಯಾಕೆಂದರೆ ಆಗ ರಾವಂದೂರಿನ ಬಸ್ ನಿಲ್ದಾಣದ ಪಕ್ಕ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದೆ. ಜುಲೈ 31ಕ್ಕೆ ‘ರಾಮಾಯಣ’ ಮುಗಿದ ಮೇಲೆ ಜನ ಟಿ.ವಿ.ಗೆ ಬಟ್ಟೆ ಹೊದಿಸಿಬಿಟ್ಟಿದ್ದರು. ಒಲಿಂಪಿಕ್ಸ್ ಬಂತು, ಹಿಂದೆಯೇ ‘ಮಹಾಭಾರತ’ ಬರುತ್ತದೆಂದು ಗೊತ್ತಾಯಿತು. “ಒಸಿ ಬಂದು ಆಂಟೆನಾ ನೋಡ್ಬುಡಣ್ಣ” ಎಂದು ದಿನಾ ಒಬ್ಬರಲ್ಲ ಒಬ್ಬರು ಅಂಗಡಿಯ ಮುಂದೆ ನಿಂತಿರುತ್ತಿದ್ದರು.

ಆ ವರ್ಷದ ಮೇಲೆ ಕೊರಿಯಾದವರು ಒಂದು ಧಾರಾವಾಹಿ ಮಾಡಿದ್ದಾರೆ. ಹೆಸರು ‘ರಿಪ್ಲೈ 1988’. ಅಲ್ಲಿನ ಟಿವಿಎನ್ ವಾಹಿನಿಯಲ್ಲಿ 2015ರ ನವೆಂಬರ್ 6ರಿಂದ 2016ರ ಜನವರಿ 16ರವರೆಗೆ 20 ಕಂತು ಬಂತು. ನಿರ್ದೇಶಕ ಶಿನ್ ವೊನ್-ಹೊ, ಬರೆದವರು ಲೀ ವೂ-ಜಂಗ್. ಇದೇ ಜೋಡಿ ಅದಕ್ಕೂ ಮೊದಲು 1997 ಮತ್ತು 1994ನೇ ಇಸವಿಗಳ ಮೇಲೆ ಎರಡು ಧಾರಾವಾಹಿ ಮಾಡಿ ಗೆದ್ದಿತ್ತು. ಮೂರನೆಯದರ ಕೊನೆಯ ಕಂತಿಗೆ ಸಿಕ್ಕಿದ ವೀಕ್ಷಕರ ಪ್ರಮಾಣ ಶೇ. 18.8, ಅಲ್ಲಿನ ಕೇಬಲ್ ವಾಹಿನಿಗಳಲ್ಲಿ ಅಲ್ಲಿಯವರೆಗೆ ಯಾವ ಧಾರಾವಾಹಿಗೂ ಅಷ್ಟು ಬಂದಿರಲಿಲ್ಲ. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಮನೆಗೆ ಬಂದು ಕೂತಿದ್ದ ನನ್ನ ಎರಡನೆಯ ಮಗಳು ಇದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ, ಕೆಳಗೆ ಬರುವ ಇಂಗ್ಲಿಷನ್ನು ನನಗೂ ಅವರಮ್ಮನಿಗೂ ಕನ್ನಡದಲ್ಲಿ ಹೇಳುತ್ತಾ ತೋರಿಸಿದಳು. ಒಂದೊಂದು ಕಂತು ಒಂದೂವರೆ ಗಂಟೆ. ಅವಳ ಗಂಟಲು ಕಟ್ಟಿಹೋಗಿತ್ತು.

ಕತೆ ಸರಳ. ಸಿಯೋಲ್‌ನ ಉತ್ತರ ಭಾಗದ ಸಾಂಗ್‌ಮುನ್-ಡಾಂಗ್ ಎಂಬ ಬಡಾವಣೆಯ ಒಂದು ಓಣಿ, ಅದರಲ್ಲಿ ಐದು ಮನೆ, ಐವರು ಗೆಳೆಯರು. ನೆಲದಡಿಯ ಅರ್ಧ ಮನೆಯಲ್ಲಿ ಬಾಡಿಗೆಗಿರುವ ಡಕ್-ಸನ್ ಎಂಬ ಹುಡುಗಿ. ಅವಳ ಅಪ್ಪ ಬ್ಯಾಂಕ್ ನೌಕರ. ಗೆಳೆಯನ ಸಾಲಕ್ಕೆ ಜಾಮೀನು ನಿಂತು ಸಂಬಳವನ್ನೆಲ್ಲ ಕಳೆದುಕೊಳ್ಳುತ್ತಿದ್ದಾನೆ. ಮೇಲಿನ ಮನೆಯವರು ಲಾಟರಿ ಹೊಡೆದು ದಿಢೀರ್ ಶ್ರೀಮಂತರಾದವರು. ಒಂದು ಮನೆಯಲ್ಲಿ ಗಂಡನಿಲ್ಲದ ತಾಯಿ, ಇನ್ನೊಂದರಲ್ಲಿ ಹೆಂಡತಿಯಿಲ್ಲದ ಅಪ್ಪ. ಸಂಜೆಯಾದರೆ ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ಮನೆಗೆ ಮಕ್ಕಳ ಕೈಯಲ್ಲಿ ಹೋಗುತ್ತದೆ, ಬಟ್ಟಲು ಬರಿದಾಗಿ ಬರುವುದಿಲ್ಲ. ಹೆಂಗಸರು ಓಣಿಯ ಮರದ ಮಂಚದ ಮೇಲೆ ಕೂತು ತರಕಾರಿ ಸೋಸುತ್ತಾ ಊರ ಸುದ್ದಿಯೆಲ್ಲ ಆಡುತ್ತಾರೆ.

“ನೋಡಿ, ನಮ್ಮ ಜಗುಲಿಯೇ!” ಎಂದಳು ನನ್ನ ಹೆಂಡತಿ.

ಮೊದಲ ಕಂತಿನಲ್ಲಿ ಒಲಿಂಪಿಕ್ಸ್ ಬರುತ್ತದೆ. ಡಕ್-ಸನ್‌ಗೆ ಉದ್ಘಾಟನೆಯ ಮೆರವಣಿಗೆಯಲ್ಲಿ ಮಡಗಾಸ್ಕರ್ ದೇಶದ ಫಲಕ ಹಿಡಿಯುವ ಕೆಲಸ. ತಿಂಗಳುಗಟ್ಟಲೆ ನಡೆದು ಅಭ್ಯಾಸ ಮಾಡಿರುತ್ತಾಳೆ. ಕಡೇ ಗಳಿಗೆಯಲ್ಲಿ ಮಡಗಾಸ್ಕರ್ ಬರುವುದಿಲ್ಲ ಎನ್ನುತ್ತದೆ. ಇದು ನಡೆದದ್ದೇ: ಉತ್ತರ ಕೊರಿಯಾ, ಕ್ಯೂಬಾ, ಇಥಿಯೋಪಿಯಾದಂತೆ ಮಡಗಾಸ್ಕರೂ ಆ ಸಲ ಸಿಯೋಲ್‌ಗೆ ಹೋಗಲಿಲ್ಲ. ಪಾಪ, ಅವಳು ಕೊನೆಗೆ ಉಗಾಂಡಾದ ಫಲಕ ಹಿಡಿದು ನಡೆಯುತ್ತಾಳೆ.

ಆ ಕ್ರೀಡಾಕೂಟವನ್ನು ನಾವು ನೋಡಿದ್ದು ಕಪ್ಪುಬಿಳುಪಿನಲ್ಲಿ, ಚುಕ್ಕೆಗಳ ನಡುವೆ. ರಾವಂದೂರು ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ, ಪ್ರಸಾರ ಕೇಂದ್ರಗಳಿಂದ ದೂರದ ಊರು. ಎತ್ತರಕ್ಕೆ ಜಿ.ಐ. ಪೈಪು ನಿಲ್ಲಿಸಿ, ನಾಲ್ಕು ದಿಕ್ಕಿಗೂ ತಂತಿ ಬಿಗಿದು, ಬೂಸ್ಟರ್ ಕೂರಿಸಿದರೆ ಚಿತ್ರ ಬಂದರೆ ಬಂತು. ಗಾಳಿ ಬೀಸಿದರೆ ಹೋಯಿತು. ಕೋತಿ ಕೂತರೆ ಆಂಟೆನಾದ ಕಡ್ಡಿಗಳೇ ಬಗ್ಗುತ್ತಿದ್ದವು. ಪಿ.ಟಿ. ಉಷಾ 1986ರಲ್ಲಿ ಇದೇ ಸಿಯೋಲ್‌ನ ಏಷ್ಯನ್ ಕ್ರೀಡಾಕೂಟದಲ್ಲಿ 4 ಚಿನ್ನ ಗೆದ್ದಿದ್ದಳಲ್ಲ, ಈ ಸಲವೂ ತರುತ್ತಾಳೆ ಎಂದು ಎಲ್ಲರೂ ಕಾದಿದ್ದರು, ಆಗಲಿಲ್ಲ. ಹಾಕಿ ಪಂದ್ಯ ಇದ್ದ ದಿನ ಜನ ಜಾಸ್ತಿ. ತಂಡದ ನಾಯಕ ಕೊಡಗಿನ ಎಂ.ಎಂ. ಸೋಮಯ್ಯ. ನಮಗೆ ಕೊಪ್ಪದ ಹತ್ತಿರ ಕಾವೇರಿ ದಾಟಿದರೆ ಕೊಡಗು, ಹಾಗಾಗಿ ಅವರು ನಮ್ಮವರು. ತಂಡ ಆರನೆಯ ಸ್ಥಾನಕ್ಕೆ ನಿಂತಿತು. ಭಾರತಕ್ಕೆ ಒಂದು ಪದಕವೂ ಬರಲಿಲ್ಲ.

ಟಿ.ವಿ. ನಮ್ಮ ಕಡೆಗೆ ಬಂದ ಬಗೆ ಸ್ವಲ್ಪ ಹೇಳಬೇಕು. ಕನ್ನಡ ನಾಡಿನಲ್ಲಿ ಊರಿಗೆ ಊರೇ ಕೂತು ಟಿ.ವಿ. ನೋಡಿದ್ದು ಮೊದಲು ಬೆಂಗಳೂರಿನವರಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳದು. ಒಂದು ಹಳ್ಳಿಗೆ ಒಂದು ಪೆಟ್ಟಿಗೆ, ಸಾರ್ವಜನಿಕರ ಸ್ವತ್ತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಬಣ್ಣ ಬಂದದ್ದು 1982ರಲ್ಲಿ. ಕೊರಿಯಾದಲ್ಲಿ ಬಣ್ಣದ ಪ್ರಸಾರ 1980ರ ಡಿಸೆಂಬರಿನಲ್ಲೇ ಶುರುವಾಗಿತ್ತು. ಅದಕ್ಕೂ ಮುಂಚೆ ಅವರು ಬಣ್ಣದ ಟಿ.ವಿ. ತಯಾರಿಸಿ ಹೊರದೇಶಗಳಿಗೆ ಮಾರುತ್ತಿದ್ದರು, ತಾವು ಮಾತ್ರ ಕಪ್ಪುಬಿಳುಪು ನೋಡುತ್ತಿದ್ದರು.

ರಾವಂದೂರಿನ ಹಳ್ಳಿಗಳಿಗೆ ಟಿ.ವಿ. ತಂದದ್ದು ಹೊಗೆಸೊಪ್ಪು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಜೀನಿಯಾ ಸೊಪ್ಪಿಗೆ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ತಂದ ಮೇಲೆ ರೈತರ ಕೈಗೆ ದುಡ್ಡು ಒಟ್ಟಿಗೆ ಸಿಕ್ಕತೊಡಗಿತು. ಸೊಪ್ಪು ಹದಗೊಳಿಸುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಸೌದೆ ಒಟ್ಟುತ್ತಾ ನಿದ್ದೆಗೆಟ್ಟವನು ಹರಾಜು ಮುಗಿದ ಮೇಲೆ ಮೈಸೂರಿಗೆ ಹೋಗಿ ಡೈನೋರಾವನ್ನೋ ಸಾಲಿಡೇರನ್ನೋ ಬಸ್ಸಿನ ಮೇಲೆ ಹಾಕಿಸಿಕೊಂಡು ಬರುವನು. ಒಳ್ಳೆ ದರ ಸಿಕ್ಕ ವರ್ಷ ನನಗೂ ಹಬ್ಬ. ನೆಟ್ಟ ಪೈಪುಗಳನ್ನು ಎಣಿಸಿದರೆ ಸಾಕು, ಯಾವ ಬೀದಿಗೆ ಆ ವರ್ಷ ಎಷ್ಟು ದುಡ್ಡು ಬಂತೆಂದು ಬ್ಯಾಂಕಿನವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಬೀದಿಗೆ ಒಂದು, ಹೆಚ್ಚೆಂದರೆ ಎರಡು ಟಿ.ವಿ. ಇದ್ದ ಆ ಏಳೆಂಟು ವರ್ಷವೇ ಈಗ ಎಲ್ಲರೂ ಕೊಂಡಾಡುವ ಕಾಲ. ಭಾನುವಾರ ಬೆಳಗ್ಗೆ ಟಿ.ವಿ. ಇದ್ದ ಮನೆಯವರು ಬೇಗ ಎದ್ದು ನಡುಮನೆಯ ಸಾಮಾನೆಲ್ಲ ಒತ್ತರಿಸಿಡಬೇಕು. ಬೀದಿಯವರು ಸ್ನಾನ ಮಾಡಿ ಬರುವರು. ಟಿ.ವಿ.ಗೆ ಕುಂಕುಮ ಇಟ್ಟು ಊದುಬತ್ತಿ ಹಚ್ಚುವರು. ಆ ಬೂದಿಯನ್ನು ಎಷ್ಟೋ ಮನೆಗಳಲ್ಲಿ ಒಳಗಿನಿಂದ ನಾನೇ ಊದಿ ತೆಗೆದಿದ್ದೇನೆ. ಅವರೆಕಾಯಿ ಕಾಲದಲ್ಲಿ ಹೆಂಗಸರು ಮೊರ ಹಿಡಿದೇ ಬಂದು ಕೂರುವರು. ಸಿನಿಮಾ ಹಾಡುಗಳ ‘ಚಿತ್ರಮಂಜರಿ’ ಮುಗಿಯುವ ಹೊತ್ತಿಗೆ ಕಾಳು ಹಿದುಕಿ ಆಗಿರುತ್ತಿತ್ತು. ಕರೆಂಟು ಹೋದರೆ ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತರುವರು. 14 ಇಂಚಿನ ಕಪ್ಪುಬಿಳುಪು ಟಿ.ವಿ.ಗಳು 12 ವೋಲ್ಟಿನಲ್ಲೂ ನಡೆಯುತ್ತಿದ್ದವು. ಬ್ಯಾಟರಿ ಹೊತ್ತವನಿಗೆ ಎದುರು ಸಾಲು ಕಾಯಂ. ಇದೆಲ್ಲ ಸುಳ್ಳಲ್ಲ. ಸಾಂಗ್‌ಮುನ್-ಡಾಂಗ್ ಓಣಿಯನ್ನು ನೋಡುತ್ತಾ ನನ್ನ ಹೆಂಡತಿ ಕಣ್ಣೊರೆಸಿಕೊಂಡದ್ದೂ ಸುಳ್ಳಲ್ಲ.

ಆದರೆ ಆ ಕೊರಿಯಾದ ಓಣಿಯಲ್ಲಿ ಕಿಟಕಿಯ ಆಚೆ ನಿಂತು ನೋಡುವವರು ಯಾರೂ ಇಲ್ಲ. ನಮ್ಮಲ್ಲಿ ಇದ್ದರು.

ಆಂಟೆನಾ ಕಟ್ಟುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಸೂರಿನ ಮೇಲೆ, ಒಬ್ಬ ಟಿ.ವಿ. ಮುಂದೆ. ನನ್ನ ಜೊತೆ ಮೇಲೆ ಹತ್ತುತ್ತಿದ್ದವನು ಊರ ಕೇರಿಯ ನನ್ನ ಗೆಳೆಯ. ಶಾಲೆಯಲ್ಲಿ ಒಂದೇ ತರಗತಿ, ಒಂದೇ ಕೆರೆಯಲ್ಲಿ ಈಜು ಕಲಿತವರು. ನಾಡಹೆಂಚಿನ ಮೇಲೆ ಒಂದು ಹೆಂಚೂ ಒಡೆಯದ ಹಾಗೆ ನಡೆಯುವುದು ಅವನಿಗೊಬ್ಬನಿಗೇ ಬರುತ್ತಿತ್ತು. ನಾನು ಹತ್ತಿದರೆ ಮನೆಯ ಹೆಂಗಸರು ಕೆಳಗಿನಿಂದಲೇ ಬೈಯಲು ಶುರು ಮಾಡುವರು. ಅವನು ಮೇಲಿನಿಂದ “ಬಂತಾ?” ಅನ್ನುವನು. ನಾನು ಒಳಗಿನಿಂದ “ಒಸಿ ಮೂಡ್ಲಾಗಿ ತಿರುಗ್ಸು, ಇನ್ನೊಸಿ, ಬಂತು ಬಂತು, ಅಯ್ಯೋ ಹೋಯ್ತು” ಅನ್ನುವೆ. ಚಿತ್ರ ನಿಂತ ಮೇಲೆ ಅವನು ಇಳಿದು ಬರುವನು. ಒಳಗಿದ್ದವರಿಗೆಲ್ಲ ಕಾಫಿ. ಅವನಿಗೂ ಕಾಫಿ ಉಂಟು, ಹಿತ್ತಲ ಬಾಗಿಲಲ್ಲಿ, ಬೇರೆ ಲೋಟದಲ್ಲಿ. ಆ ಮನೆಯ ತಲೆಯ ಮೇಲೆ ಹತ್ತಿ ಓಡಾಡಬಹುದಾದವನು ಹೊಸಿಲು ದಾಟುವ ಹಾಗಿರಲಿಲ್ಲ. ತಾನೇ ನಿಲ್ಲಿಸಿದ ಆಂಟೆನಾದ ರಾಮಾಯಣವನ್ನು ಅವನು ನೋಡಿದ್ದು ಕಿಟಕಿಯ ಸರಳು ಹಿಡಿದು, ಬೀದಿಯಲ್ಲಿ ನಿಂತು. ಅವನ ಜೊತೆ ಕೇರಿಯ ಮಕ್ಕಳು. ಮಳೆ ಬಂದರೆ ಒಳಗಿನವರು ಎರಚಲು ಎಂದು ಕಿಟಕಿ ಮುಚ್ಚುವರು.

ಇದನ್ನು ಮಗಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪು ನಿಲ್ಲಿಸಿ, “ನೀನು ಒಳಗೇ ಕೂತಿದ್ದೆಯಾ ಅಪ್ಪ?” ಎಂದು ಕೇಳಿದಳು. ನಾನು ಕೂತಿದ್ದೆ. ಅಂಗಡಿ ನಡೆಯಬೇಕಿತ್ತು.

ಕೊರಿಯಾದ ಓಣಿಗೂ ಅದರದೇ ಆದ ಕಿಟಕಿ ಇತ್ತೆಂದು ಆಮೇಲೆ ಓದಿದಾಗ ತಿಳಿಯಿತು. ಸಾಂಗ್‌ಮುನ್-ಡಾಂಗ್‌ಗೆ ದೂರವಲ್ಲದ ಸಾಂಗೆ-ಡಾಂಗ್ ಎಂಬಲ್ಲಿ ಬಡವರ ಗುಡಿಸಲುಗಳಿದ್ದವು. ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ನಗರವನ್ನು ಅಂದಗೊಳಿಸುವ ಭರದಲ್ಲಿ ಅವನ್ನು ಕೆಡವಿ ಜನರನ್ನು ಎಬ್ಬಿಸಿದರು. ಕಿಮ್ ಡಾಂಗ್-ವೊನ್ ಎಂಬ ನಿರ್ದೇಶಕ ಆ ಜನರ ಜೊತೆಯಲ್ಲೇ ಇದ್ದು ‘ಸಾಂಗೆ-ಡಾಂಗ್ ಒಲಿಂಪಿಕ್ಸ್’ ಎಂಬ ಸಾಕ್ಷ್ಯಚಿತ್ರ ತೆಗೆದರು, 1988ರಲ್ಲೇ. ಅರ್ಧ ಗಂಟೆಯೂ ಇಲ್ಲ. ಧಾರಾವಾಹಿಯಲ್ಲಿ ಡಕ್-ಸನ್‌ಳ ಅಕ್ಕ ಬೊರಾ ವಿದ್ಯಾರ್ಥಿ ಚಳವಳಿಗೆ ಹೋಗುತ್ತಾಳೆ, ಪೊಲೀಸರು ಹಿಡಿಯುತ್ತಾರೆ. ಅಷ್ಟರ ಮಟ್ಟಿಗೆ ಕತೆ ಕಣ್ಣು ಮುಚ್ಚಿಕೊಂಡಿಲ್ಲ. ಆದರೆ ಗುಡಿಸಲು ಕಳೆದುಕೊಂಡವರು ಆ ಓಣಿಗೆ ಬರುವುದಿಲ್ಲ. ಬಂದಿದ್ದರೆ ಅಷ್ಟೊಂದು ಜನ ಅಷ್ಟು ಹಿತವಾಗಿ ಅಳುತ್ತಿದ್ದರೋ ಇಲ್ಲವೋ.

ಕೊರಿಯಾದವರು 1988ನ್ನು ಅಷ್ಟು ಹಂಬಲಿಸುವುದಕ್ಕೆ ಕಾರಣವಿದೆ. 1997ರ ಕೊನೆಯಲ್ಲಿ ಅವರ ಅರ್ಥವ್ಯವಸ್ಥೆ ಕುಸಿದು ಐಎಂಎಫ್ ಸಾಲಕ್ಕೆ ಕೈಚಾಚಬೇಕಾಯಿತು. ಬ್ಯಾಂಕುಗಳು, ಕಾರ್ಖಾನೆಗಳು ಸಾಲಾಗಿ ಜನರನ್ನು ಮನೆಗೆ ಕಳಿಸಿದವು. ದೇಶದ ಸಾಲ ತೀರಿಸಲೆಂದು ಮರುವರ್ಷ ಸುಮಾರು 35 ಲಕ್ಷ ಜನ ಮದುವೆಯ ಉಂಗುರ, ಮಕ್ಕಳ ಹುಟ್ಟುಹಬ್ಬದ ಉಂಗುರಗಳನ್ನು ಕೊಟ್ಟರು. ಕೂಡಿದ ಚಿನ್ನ 227 ಟನ್. ಅಡವಿಟ್ಟ ಒಡವೆ ಬಿಡಿಸಿಕೊಳ್ಳಲಾಗದ ಮನೆಗಳನ್ನು ಕಂಡ ನಮಗೆ ಅದರ ನೋವು ಗೊತ್ತಾಗುತ್ತದೆ. ಡಕ್-ಸನ್‌ಳ ಅಪ್ಪನಂಥವರಿಗೆ 1988 ಎಂದರೆ ಕೆಲಸ ಹೋಗುವ ಮುಂಚಿನ ಕಾಲ. ಓಣಿಗಳು ಹೋಗಿ ಬಹುಮಹಡಿ ಮನೆಗಳು ಏಳುವ ಮುಂಚಿನ ಕಾಲವೂ ಹೌದು. ಧಾರಾವಾಹಿಯ ಕೊನೆಗೆ ಎಲ್ಲರೂ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಾರೆ.

ಮನೆಯ ಒಳಗಿನ ವಿಷಯ ಬಂದಾಗ ಮಾತ್ರ ಈ ಧಾರಾವಾಹಿಗೆ ನಾನು ತಲೆಬಾಗುತ್ತೇನೆ. ಡಕ್-ಸನ್ ನಡುವಿನವಳು. ಅಕ್ಕನ ಹುಟ್ಟುಹಬ್ಬದ ಕೇಕಿನಲ್ಲೇ ಅವಳದೂ ಮುಗಿಸಿಬಿಡುತ್ತಾರೆ. ಮೊಟ್ಟೆ ಎರಡಿದ್ದರೆ ಅಕ್ಕನಿಗೊಂದು, ತಮ್ಮನಿಗೊಂದು. ಅವಳು ಒಂದು ದಿನ ಎದೆಯೊಡೆದು ಅತ್ತಾಗ ನನ್ನ ಮಗಳು ಮಾತಿನ ಅರ್ಥ ಹೇಳುವುದನ್ನು ನಿಲ್ಲಿಸಿ ಸುಮ್ಮನೆ ನಮ್ಮಿಬ್ಬರ ಮುಖ ನೋಡಿದಳು. ಅವರಮ್ಮ ಎದ್ದು ಅಡುಗೆಮನೆಗೆ ಹೋದಳು. ಆ ರಾತ್ರಿ ಮೂರು ಜನರಿಗೂ ಆಮ್ಲೆಟ್.

ಪ್ರೀತಿಯ ವಿಷಯದಲ್ಲಿ ಮೂರೂ ಜನ ಜಗಳವಾಡಿದೆವು. ಡಕ್-ಸನ್‌ಳ ಗಂಡ ಯಾರಾಗುತ್ತಾನೆ, ಬಾದುಕ್ ಎಂಬ ಮಣೆಯಾಟ ಆಡುವ ಮೆತ್ತನೆಯ ಹುಡುಗ ತೇಕನೋ, ಒಳಗೇ ನುಂಗಿಕೊಳ್ಳುವ ಜಂಗ್-ಹ್ವಾನನೋ ಎಂದು ಇಡೀ ಕೊರಿಯಾ ಎರಡು ಪಕ್ಷವಾಗಿತ್ತಂತೆ. ನಮ್ಮ ಮನೆಯೂ ಆಯಿತು. ನನಗೆ ಅದಕ್ಕಿಂತ ಹಿಡಿಸಿದ್ದು ಬೊರಾಳದ್ದು. ಅವಳೂ ಸಂಗ್, ಅವಳು ಮೆಚ್ಚಿದ ಸನ್-ವೂನೂ ಸಂಗ್. ಒಂದೇ ಮೂಲದ ಮನೆತನ. ಅಂಥವರ ಮದುವೆಯನ್ನು ಅಲ್ಲಿನ ಕಾನೂನೇ ತಡೆದಿತ್ತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಅವರ ನ್ಯಾಯಾಲಯ ಹೇಳಿದ್ದು 1997ರಲ್ಲಿ, ನಾಗರಿಕ ಸಂಹಿತೆಯಿಂದ ತೆಗೆದದ್ದು 2005ರಲ್ಲಿ. ನಮ್ಮಲ್ಲಿ ಸಗೋತ್ರ ವಿವಾಹಕ್ಕಿದ್ದ ಕಾನೂನಿನ ಅಡ್ಡಿ ಸ್ವಾತಂತ್ರ್ಯಕ್ಕೂ ಮುಂಚೆ, 1946ರಲ್ಲೇ ಹೋಯಿತು. ಹೋಗಿ ಏನಾಯಿತು? ನಮ್ಮ ಬೀದಿಯ ಟಿ.ವಿ. ಮನೆಯಲ್ಲೇ, ದೀಪ ಆರಿಸಿದ ನಡುಮನೆಯಲ್ಲೇ ಕಣ್ಣು ಕಲೆತ ಒಂದು ಜೋಡಿ ಇತ್ತು. ಒಂದೇ ಬೆಡಗು, ಅಣ್ಣತಂಗಿಯಾಗಬೇಕು ಎಂದು ಹಿರಿಯರು ಅವಳನ್ನು ದೂರದ ಊರಿಗೆ ಕೊಟ್ಟರು. ಹೀಗೆ ತೀರ್ಪು ಕೊಟ್ಟ ಹಿರಿಯರಲ್ಲೇ ಒಬ್ಬರು ಸ್ವಂತ ಅಕ್ಕನ ಮಗಳನ್ನು ಮದುವೆಯಾಗಿದ್ದವರು. ಇದನ್ನು ಕೇಳಿದರೆ ಕೊರಿಯಾದವರು ಕಿವಿ ಮುಚ್ಚಿಕೊಂಡಾರು; ಅವರಲ್ಲಿ ಎಂಟನೆಯ ಸುತ್ತಿನ ರಕ್ತಸಂಬಂಧವೂ ಆಗದು.

ಕೇರಿಯ ಗೆಳೆಯನ ಮಾತು ಅರ್ಧಕ್ಕೆ ಬಿಟ್ಟೆ. ಅವನು ನನ್ನ ಅಂಗಡಿಯಲ್ಲಿ ಬಂದು ಬಿದ್ದಿದ್ದ ಹಳೆಯ ಕಪ್ಪುಬಿಳುಪು ಪೆಟ್ಟಿಗೆಯೊಂದನ್ನು ಕೂಲಿಗೆ ವಜಾ ಹಾಕಿಸಿಕೊಂಡು ಒಯ್ದ. ಪಿಕ್ಚರ್ ಟ್ಯೂಬು ಗಟ್ಟಿಯಾಗಿತ್ತು. ಅವನ ಮನೆ ದಿಬ್ಬದ ಮೇಲೆ. ಆಂಟೆನಾ ಕಟ್ಟಿದವನು ಅವನೇ. ಊರಿನಲ್ಲಿ ಅಷ್ಟು ನಿಚ್ಚಳ ಚಿತ್ರ ಇನ್ನೆಲ್ಲೂ ಬರುತ್ತಿರಲಿಲ್ಲ. 1992ರ ವಿಶ್ವಕಪ್ ಕ್ರಿಕೆಟ್ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ನಡೆಯಿತಲ್ಲ, ನಸುಕಿನಲ್ಲೇ ಪಂದ್ಯ. ಊರ ನಡುವಿನ ಬೀದಿಯ ಹುಡುಗರು ಟಾರ್ಚು ಹಿಡಿದು ಕೇರಿಗೆ ಹೋದರು. ಅವನು ಟಿ.ವಿ.ಯನ್ನು ಒಳಗಿಡದೆ ಜಗುಲಿಯ ಮೇಲೆ ಇಟ್ಟಿದ್ದ, ಎಲ್ಲರಿಗೂ ಕಾಣುವಂತೆ. ಹುಡುಗರು ಕೂತರು. ಅವನ ತಾಯಿ ಕೊಟ್ಟ ಟೀ ಕುಡಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಕೆಲವರು ಕುಡಿದರು.

ಆಮೇಲಿನದು ಬೇಗ ನಡೆದುಹೋಯಿತು. ಕೇಬಲ್ಲಿನವರು ಛತ್ರಿ ತಂದರು, ಉದಯ ಟಿ.ವಿ. ಬಂತು, ಮನೆಗೊಂದು ಪೆಟ್ಟಿಗೆಯಾಯಿತು. ಸ್ಯಾಮ್ಸಂಗ್ 1995ರಲ್ಲಿ, ಎಲ್‌ಜಿ 1997ರಲ್ಲಿ ಭಾರತಕ್ಕೆ ಕಾಲಿಟ್ಟವು. ಸಿಯೋಲ್ ಒಲಿಂಪಿಕ್ಸ್ ನೋಡಲು ನಾವು ಬಳಸಿದ ಡೈನೋರಾ, ಸಾಲಿಡೇರ್‌ಗಳನ್ನು ಸಿಯೋಲ್‌ನ ಕಂಪನಿಗಳು ಹತ್ತೇ ವರ್ಷದಲ್ಲಿ ಮೂಲೆಗೆ ತಳ್ಳಿದವು. ಕೊರಿಯಾದ ಟಿ.ವಿ.ಗಳು ಕೆಡುವುದು ಕಡಿಮೆ ಎಂಬುದನ್ನು ರಿಪೇರಿಯವನಾಗಿ ಒಪ್ಪಲೇಬೇಕು. ನಾನು ಮಿಕ್ಸಿ, ಪಂಪ್‌ಸೆಟ್ ಸ್ಟಾರ್ಟರ್, ಡಿಟಿಎಚ್, ಮೊಬೈಲ್ ಕರೆನ್ಸಿಗೆ ಹೊರಳಿದೆ. 2022ರ ಹೊತ್ತಿಗೆ ದೂರದರ್ಶನ ತನ್ನ ಹಳೆಯ ಪ್ರಸಾರ ಗೋಪುರಗಳನ್ನು ಹೆಚ್ಚುಕಡಿಮೆ ಎಲ್ಲೆಡೆ ನಿಲ್ಲಿಸಿತು. ಈಗ ಆಂಟೆನಾ ಹಾಕಿದರೂ ಬರುವುದಕ್ಕೆ ಏನೂ ಇಲ್ಲ. ಎಷ್ಟೋ ಮನೆಗಳ ಮೇಲೆ ಆ ಪೈಪು ಮಾತ್ರ ಇದೆ, ಬಟ್ಟೆ ಒಣಹಾಕುವ ತಂತಿ ಕಟ್ಟಲು.

ಕನ್ನಡದಲ್ಲಿ ಇಂಥ ಧಾರಾವಾಹಿ ಯಾಕಿಲ್ಲ ಎಂದು ಮಗಳು ಕೇಳುತ್ತಾಳೆ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಇದೆ, ಅದು ಕನ್ನಡದಲ್ಲಿ ತೆಗೆದದ್ದಲ್ಲ; ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ದಲ್ಲಿ ಮಧ್ಯಮ ವರ್ಗದ ಮನೆ ಇದೆ, ಗಿರೀಶ ಕಾಸರವಳ್ಳಿ ಮಾಡಿದ ‘ಗೃಹಭಂಗ’ ಇದೆ. ಆದರೆ 1988ರ ಒಂದು ಹೋಬಳಿ ಊರು, ಹೊಗೆಸೊಪ್ಪಿನ ದುಡ್ಡು, ಭಾನುವಾರದ ನಡುಮನೆ, ಇದನ್ನು ಯಾರೂ ಮುಟ್ಟಿಲ್ಲ. ಈಗಿನ ಧಾರಾವಾಹಿಗಳ ಮನೆಗಳಂತೂ ಕಲ್ಯಾಣಮಂಟಪದಷ್ಟು ದೊಡ್ಡವು. ಅಲ್ಲಿ ಪಕ್ಕದ ಮನೆ ಎಂಬುದೇ ಕಾಣುವುದಿಲ್ಲ.

ಬರೆಯುವ ಹುಡುಗರು, ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮಗೆ ಬೇಕಾದ ಸಾಮಾನು ನನ್ನ ಅಟ್ಟದ ಮೇಲಿದೆ: ಬಾಗಿಲಿರುವ ಟಿ.ವಿ. ಪೆಟ್ಟಿಗೆ, ಚಪ್ಪಟೆ ವೈರು, ಸ್ಟೆಬಿಲೈಜರು, ಬೂಸ್ಟರು. ದುಡ್ಡು ಬೇಡ, ಒಯ್ಯಿರಿ. ಆಂಟೆನಾ ತಿರುಗಿಸುವುದು ಹೇಗೆಂದು ನನ್ನ ಗೆಳೆಯ ತೋರಿಸಿಕೊಡುತ್ತಾನೆ. ಅವನಿಗೆ ಈಗ ಮಂಡಿನೋವು, ಏಣಿ ನೀವೇ ಹತ್ತಬೇಕು. ಆದರೆ ಕತೆ ಬರೆಯಲು ಕೂರುವ ಮೊದಲು ಅವನ ಮನೆಗೆ ಹೋಗಿ ಅವನ ಮಾತು ಕೇಳಿ, ಆಮೇಲೆ ನನ್ನ ಅಂಗಡಿಗೆ ಬನ್ನಿ.